ರಕ್ತಸ್ರಾವ ನಿಂತ ಮೇಲೂ ಅಂಗಾಂಗಗಳು ಯಾಕೆ ಸೋಲುತ್ತವೆ?

ಪೊನ್ನಂಪೇಟೆ ಕಡೆಯ ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವಾಗ ಒಬ್ಬರು ಬಿದ್ದು ತೊಡೆಮೂಳೆ ಮುರಿದಿದೆ, ಗುಲ್ಮ (ಹೊಟ್ಟೆಯ ಎಡಭಾಗದ ಸ್ಪ್ಲೀನ್) ಒಡೆದಿದೆ ಅಂದುಕೊಳ್ಳಿ. ಮಳೆಯಲ್ಲಿ ಮಡಿಕೇರಿ ತಲುಪುವಷ್ಟರಲ್ಲಿ ಗಂಟೆ ಮೀರಿದೆ. ಆಪರೇಷನ್ ಆಯಿತು, ರಕ್ತ ಕೊಟ್ಟರು, ಬಿಪಿ ಸರಿಹೋಯಿತು. ಎರಡನೇ ದಿನ ನೋಡಿದರೆ ಮೂತ್ರ ಕಡಿಮೆ, ಉಸಿರಾಟ ಜೋರು, ಜ್ವರ ಬೇರೆ. ಸೋಂಕೇ ಇಲ್ಲದಿದ್ದರೂ ಹೀಗಾಗಬಹುದು.

70 ಕೆಜಿ ತೂಕದವರಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಒಂದೂವರೆ ಲೀಟರ್ ಹತ್ತಿರ ಹೋದರೂ ಬಿಪಿ ಬೀಳದೇ ಇರಬಹುದು. ಮಿದುಳು, ಹೃದಯ ಉಳಿಸಿಕೊಳ್ಳಲು ದೇಹವು ಚರ್ಮ, ಕರುಳು, ಕಿಡ್ನಿಗೆ ಹೋಗುವ ರಕ್ತವನ್ನು ಕಡಿತ ಮಾಡುತ್ತದೆ. ಹಾಗಾಗಿ ಬಿಪಿ ಒಂದನ್ನೇ ನಂಬಬೇಡಿ. ನಾಡಿ ನೋಡಿ, ಕೈಕಾಲು ಮುಟ್ಟಿ ನೋಡಿ.

ಆಮ್ಲಜನಕ ಸಿಗದ ಜೀವಕೋಶ ಲ್ಯಾಕ್ಟೇಟ್ (ಆಮ್ಲಜನಕ ಸಾಲದಾಗ ಹುಟ್ಟುವ ವಸ್ತು) ಮಾಡುತ್ತದೆ, ಊದಿಕೊಳ್ಳುತ್ತದೆ, ಕೊನೆಗೆ ಒಡೆಯುತ್ತದೆ. ಆಗ ಒಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದ ಚೂರುಗಳು ರಕ್ತಕ್ಕೆ ಬರುತ್ತವೆ. ಮೈಟೊಕಾಂಡ್ರಿಯಾ ಮೂಲತಃ ಬ್ಯಾಕ್ಟೀರಿಯಾದ ವಂಶ ಅಲ್ವಾ? ಅದರ ಡಿಎನ್‌ಎ ಕಂಡರೆ ರೋಗನಿರೋಧಕ ವ್ಯವಸ್ಥೆ ಹೊರಗಿನ ಶತ್ರು ಬಂದ ಅಂತಲೇ ತಿಳಿಯುತ್ತದೆ. ಉರಿಯೂತದ ಸಂದೇಶ ಒಯ್ಯುವ ಸೈಟೊಕೈನ್‌ಗಳು ಏರುತ್ತವೆ, ನ್ಯೂಟ್ರೋಫಿಲ್‌ಗಳು (ಒಂದು ಬಗೆಯ ಬಿಳಿ ರಕ್ತಕಣ) ಎದ್ದು ನಿಲ್ಲುತ್ತವೆ. ಈ ಪಾಠದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ: ಉರಿಯೂತ ಶುರುವಾಗುವುದಕ್ಕೆ ರೋಗಾಣುವೇ ಬೇಕಿಲ್ಲ.

ರಕ್ತ ವಾಪಸ್ ಹರಿದಾಗ ಇನ್ನೊಂದು ಪೆಟ್ಟು. ಹಸಿದಿದ್ದ ಅಂಗಾಂಶಕ್ಕೆ ಒಮ್ಮೆಲೇ ಆಮ್ಲಜನಕ ಬಂದಾಗ ಜೀವಕೋಶಕ್ಕೆ ಹಾನಿ ಮಾಡುವ ಫ್ರೀ ರಾಡಿಕಲ್‌ಗಳು ಹುಟ್ಟುತ್ತವೆ. ಪೆಟ್ಟು ತಿಂದ ಕರುಳಿನಿಂದ ಉರಿಯೂತದ ವಸ್ತುಗಳು ದುಗ್ಧರಸದ (ಲಿಂಫ್) ದಾರಿ ಹಿಡಿದು ಕತ್ತಿನ ಬುಡದ ಅಭಿಧಮನಿ ಸೇರುತ್ತವೆ. ಅಲ್ಲಿಂದ ಹೃದಯದ ಬಲಭಾಗ, ಮುಂದೆ ನೇರ ಶ್ವಾಸಕೋಶ. ಅಲ್ಲಿನ ಸಣ್ಣ ರಕ್ತನಾಳಗಳಿಗೆ ನ್ಯೂಟ್ರೋಫಿಲ್‌ಗಳು ಅಂಟಿಕೊಂಡು ಗೋಡೆ ಸೋರುತ್ತದೆ, ಗಾಳಿಗೂಡುಗಳಲ್ಲಿ ನೀರು ತುಂಬುತ್ತದೆ. ಎಆರ್‌ಡಿಎಸ್ (ತೀವ್ರ ಉಸಿರಾಟ ತೊಂದರೆ) ಅಂದರೆ ಇದು. ಕಿಡ್ನಿಯಲ್ಲಿ ನಳಿಕೆಗಳ ಜೀವಕೋಶ ಸಾಯುತ್ತವೆ.

ಸುಮ್ನೆ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿದರೆ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ತೆಳ್ಳಗಾಗುತ್ತವೆ, ಮೈ ಇನ್ನೂ ತಣ್ಣಗಾಗುತ್ತದೆ. ತಣ್ಣಗಾದ ಮೈಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ನಮ್ಮ ಕೊಡಗಿನ ಮಳೆಯಲ್ಲಿ ಇದನ್ನು ಮರೆಯಲೇಬಾರದು: ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ. ರಕ್ತಸ್ರಾವ ತಗ್ಗಿಸುವ ಔಷಧ ಟ್ರಾನೆಕ್ಸಾಮಿಕ್ ಆಮ್ಲವನ್ನು ಪೆಟ್ಟಾದ 3 ಗಂಟೆಯೊಳಗೆ ಕೊಡಬೇಕು. ಗಾಯಾಳುಗಳಿಗೆ ಈ ಔಷಧ ಕೊಟ್ಟು ನೋಡಿದ 2010ರ ಕ್ರ್ಯಾಶ್-2 ಅಧ್ಯಯನದಲ್ಲಿ ಬೇಗ ಕೊಟ್ಟಷ್ಟೂ ಲಾಭ ಜಾಸ್ತಿ ಕಂಡಿತು, 3 ಗಂಟೆ ದಾಟಿದರೆ ಹಾನಿಯೇ ಆಗಬಹುದು ಅಂತಲೂ ಗೊತ್ತಾಯಿತು.

ವಾರ್ಡಿನಲ್ಲಿ ಲ್ಯಾಕ್ಟೇಟ್ ಇಳಿಯುತ್ತಿದೆಯಾ ನೋಡಿ. ಮೂತ್ರವನ್ನು ಗಂಟೆಗೊಮ್ಮೆ ಅಳೆಯಿರಿ: ಕೆಜಿಗೆ 0.5 ಮಿ.ಲೀ., ಅಂದರೆ 70 ಕೆಜಿ ತೂಕದ ರೋಗಿಗೆ ಗಂಟೆಗೆ 35 ಮಿ.ಲೀ. ಆದರೂ ಬರಬೇಕು.