ವಯಸ್ಸಾದ ದುಡಿಯುವ ನಾಯಿ: ಕೆಲಸದ ಭಾರವನ್ನು ಎಲ್ಲಿ ಇಳಿಸಬೇಕು?

ವಯಸ್ಸಾದ ನಾಯಿಗೆ ಕೆಲಸವನ್ನು ಕಡಿಮೆ ಮಾಡಬೇಕೆಂಬುದರಲ್ಲಿ ತಕರಾರಿಲ್ಲ. ಎಷ್ಟು ಕಡಿಮೆ ಮಾಡಿದರೆ ಸಾಕು ಎಂಬುದನ್ನು ತಿಳಿಯುವ ಬಗೆಯೇ ಕಷ್ಟದ್ದು.

ಮರುದಿನ ಬೆಳಿಗ್ಗೆ ನೋಡುವುದು

ಕೀಲುನೋವಿರುವ ನಾಯಿ ಕುರಿಗಳ ಹಿಂದೆ ಓಡುವಾಗ ಕುಂಟದೆ, ಮಲಗಿ ಎದ್ದ ಮೇಲೆ ಕುಂಟುವುದೇಕೆ ಎಂಬುದು ನನಗೆ ಸುಲಭವಾಗಿ ಬಿಡಿಸಲಾಗದ ಗಂಟಾಗಿತ್ತು. ಕೆಲಸದ ಹುಮ್ಮಸ್ಸಿನಲ್ಲಿ ದೇಹವು ಸ್ರವಿಸುವ ಅಡ್ರಿನಲಿನ್‌ನಂತಹ ರಾಸಾಯನಿಕಗಳು ನೋವನ್ನು ಮರೆಮಾಡುತ್ತವೆ. ಚಲನೆಯಿಂದ ಸ್ನಾಯುಗಳೂ ಸಡಿಲವಾಗಿರುತ್ತವೆ. ವಿಶ್ರಾಂತಿಯ ನಂತರ ಈ ಎರಡೂ ಅನುಕೂಲಗಳು ಇಲ್ಲವಾಗಿ, ಕೀಲಿನ ಉರಿಯೂತ ಮಾತ್ರ ಉಳಿಯುತ್ತದೆ. ಆದ್ದರಿಂದ ನಾಯಿಯ ಉತ್ಸಾಹವು ಅದರ ಸಾಮರ್ಥ್ಯದ ಅಳತೆಯಲ್ಲ. ನಿನ್ನೆಯ ಕೆಲಸ ಹೆಚ್ಚಾಯಿತೇ ಎಂಬುದಕ್ಕೆ ಇಂದಿನ ಬೆಳಗಿನ ಮೊದಲ ಹೆಜ್ಜೆಗಳೇ ಉತ್ತರ.

ಏಳುವಾಗ ಮುಂಗಾಲುಗಳನ್ನು ಊರಿ ಸೊಂಟವನ್ನು ಎಳೆದುಕೊಳ್ಳುವುದು, ಹಿಂಗಾಲಿನ ಉಗುರು ನೆಲಕ್ಕೆ ಉಜ್ಜುವುದು, ನೋವಿರುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲಕ್ಕೆ ಹೋಗುವುದು, ಇವನ್ನು ಗಮನಿಸಬೇಕು. ಬಿಗಿತವು ಎಂದಿನಷ್ಟೇ ಇದ್ದು ಕೆಲವೇ ಹೆಜ್ಜೆಗಳಲ್ಲಿ ಬಿಟ್ಟರೆ ಆ ಪ್ರಮಾಣವನ್ನು ಮುಂದುವರಿಸಬಹುದು. ಎಂದಿಗಿಂತ ಹೆಚ್ಚು ಹೊತ್ತು ಉಳಿದರೆ ಇಳಿಸಬೇಕು. ದೂರ, ವೇಗ, ನೆಲ ಮೂರನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲವಾದ್ದರಿಂದ, ಒಮ್ಮೆಗೆ ಒಂದನ್ನೇ ಬದಲಿಸುವುದು ಲೇಸು.

ಯಾವುದನ್ನು ಮೊದಲು ಬಿಡಿಸಬೇಕು

ನಿಂತ ನಾಯಿಯ ತೂಕದ ಸುಮಾರು 60% ಮುಂಗಾಲುಗಳ ಮೇಲಿರುತ್ತದೆ. ವಾಹನದಿಂದ ಕೆಳಗೆ ಹಾರಿದಾಗ ಅವುಗಳ ಮೇಲಿನ ಹೊಡೆತ ಇನ್ನೂ ಹೆಚ್ಚುತ್ತದೆ. ಹಾಗಾಗಿ ಮೊದಲು ಜಿಗಿತ, ನಂತರ ವೇಗದ ಓಟದಲ್ಲಿನ ಹಠಾತ್ ತಿರುವುಗಳು ಹೋಗಬೇಕು. ನಡಿಗೆ ಮತ್ತು ಮೂಸಿ ಹುಡುಕುವ ಕೆಲಸ ಉಳಿಯಬೇಕು. ಪೂರ್ತಿ ವಿಶ್ರಾಂತಿ ಕೊಟ್ಟರೆ ಸ್ನಾಯು ಕರಗಿ, ಕೀಲಿಗಿದ್ದ ಆಸರೆಯೂ ತಪ್ಪುತ್ತದೆ. ವಾರಕ್ಕೊಮ್ಮೆ ದೀರ್ಘವಾಗಿ ದುಡಿಸುವುದಕ್ಕಿಂತ ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪ ನಡೆಸುವುದು ಉತ್ತಮ.

ನೀರಿನಲ್ಲಿ ನಡೆಸುವವರು ಆಳವನ್ನು ಗಮನಿಸಬೇಕು: ನೀರು ಸೊಂಟದ ಮಟ್ಟಕ್ಕಿದ್ದರೆ ಕಾಲುಗಳು ಹೊರುವುದು ದೇಹತೂಕದ ಸುಮಾರು 38% ಮಾತ್ರ, ಮೊಣಕಾಲಿನ ಮಟ್ಟಕ್ಕಿದ್ದರೆ ಸುಮಾರು 85%. ಆಳವಿಲ್ಲದ ನೀರು ಹೊರೆಯನ್ನು ಹೆಚ್ಚಾಗಿ ಇಳಿಸುತ್ತದೆಂದು ನಂಬುವುದು ವ್ಯರ್ಥ.

ಉಳಿದವು

ನಾಯಿ ಎಷ್ಟು ತೆಳ್ಳಗೆ ಅಥವಾ ದಪ್ಪಗಿದೆ ಎಂದು ಅಳೆಯುವ 9 ಅಂಕಗಳ ದೇಹಸ್ಥಿತಿ ಮಾಪಕದಲ್ಲಿ 4–5 ಇರಲಿ. 48 ಲ್ಯಾಬ್ರಡಾರ್‌ಗಳ ಪ್ರಸಿದ್ಧ ಅಧ್ಯಯನದಲ್ಲಿ 25% ಕಡಿಮೆ ಆಹಾರ ಪಡೆದವುಗಳಿಗೆ ಸಂಧಿವಾತದ ಚಿಕಿತ್ಸೆ ತಡವಾಗಿ ಬೇಕಾಯಿತು. ಮನುಷ್ಯರ ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಪ್ಯಾರಸಿಟಮಾಲ್ ನಾಯಿಗೆ ವಿಷವಾಗಬಲ್ಲವು. ಉಸಿರಿನಲ್ಲಿ ಕರಕರ ಸದ್ದು, ಬೊಗಳುವ ದನಿಯಲ್ಲಿ ಬದಲಾವಣೆ, ಕುಸಿದು ಬೀಳುವುದು, ಇವನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಕೆಲಸ ನಿಲ್ಲಿಸಿ ಪಶುವೈದ್ಯರಿಗೆ ತೋರಿಸಬೇಕು.