ಪದ ಪರಿಚಯ: ಗುಂಪಿನೊಳಗೆ ಕ್ರಿಯಾಶೀಲತೆಯ ಏರಿಳಿತ

ಹೈಸ್ಕೂಲಿನಲ್ಲಿ ಆವರ್ತ ಕೋಷ್ಟಕ ಓದಿದವರಿಗೆ ಈ ಸಾಲು ಬಾಯಿಪಾಠ: ಕ್ಷಾರ ಲೋಹಗಳಲ್ಲಿ ಮೇಲಿನಿಂದ ಕೆಳಗೆ ಬಂದಂತೆ ಕ್ರಿಯಾಶೀಲತೆ ಹೆಚ್ಚುತ್ತದೆ, ಹ್ಯಾಲೋಜನ್‌ಗಳಲ್ಲಿ ಕಡಿಮೆಯಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಉರು ಹೊಡೆದು, ಪರೀಕ್ಷೆಯಲ್ಲಿ ಯಾವುದು ಹೆಚ್ಚು ಯಾವುದು ಕಡಿಮೆ ಅಂತ ತಡಕಾಡುವವರೇ ಜಾಸ್ತಿ. ಆದರೆ ಎರಡಕ್ಕೂ ಕಾರಣ ಒಂದೇ. ಅದು ತಿಳಿದರೆ ಉರು ಹೊಡೆಯುವ ಗೋಜೇ ಇಲ್ಲ.

ಕ್ರಿಯಾಶೀಲತೆ ಎಂದರೆ ಒಂದು ಧಾತು ಇನ್ನೊಂದು ವಸ್ತುವಿನ ಜೊತೆ ಎಷ್ಟು ಸುಲಭವಾಗಿ, ಎಷ್ಟು ಬೇಗ ವರ್ತಿಸುತ್ತದೆ ಎಂಬುದು. ‘ಸುಲಭ’, ‘ಬೇಗ’ ಎಂಬ ಎರಡು ಮಾತು ನೆನಪಿರಲಿ, ಮುಂದೆ ಬೇಕಾಗುತ್ತವೆ.

ಕ್ಷಾರ ಲೋಹಗಳಿರುವುದು ಕೋಷ್ಟಕದ ಒಂದನೇ ಗುಂಪಿನಲ್ಲಿ, ಅಂದರೆ ಮೊದಲ ಲಂಬ ಸಾಲಿನಲ್ಲಿ. ಅಲ್ಲಿ ಹೈಡ್ರೋಜನ್ ಬಿಟ್ಟರೆ ಮೇಲಿನಿಂದ ಕೆಳಗೆ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ, ಫ್ರಾನ್ಸಿಯಂ ಇವೆ. ಅಗಲವಾದ ಗಾಜಿನ ತೊಟ್ಟಿಯ ನೀರಿಗೆ ಲಿಥಿಯಂನ ಸಣ್ಣ ಚೂರು ಹಾಕಿದರೆ ಅದು ತೇಲುತ್ತಾ ಸುಮ್ನೆ ಗುಳ್ಳೆ ಬಿಡುತ್ತದೆ. ಚೂರಿನ ಆಕಾರ ಹೆಚ್ಚು ಬದಲಾಗುವುದಿಲ್ಲ, ನಿಧಾನಕ್ಕೆ ಸವೆಯುತ್ತಾ ಹೋಗುತ್ತದೆ. ಸೋಡಿಯಂ ಹಾಗಲ್ಲ. ಕ್ರಿಯೆಯ ಬಿಸಿಗೆ ತಾನೇ ಕರಗಿ, ಬೆಳ್ಳಿಯಂತೆ ಹೊಳೆಯುವ ಗುಂಡಾಗಿ ನೀರಿನ ಮೇಲೆಲ್ಲ ಓಡಾಡುತ್ತದೆ. ಪೊಟ್ಯಾಸಿಯಂ ನೀರು ಮುಟ್ಟಿದ ಕೂಡಲೇ ಹೊತ್ತಿಕೊಳ್ಳುತ್ತದೆ, ಜ್ವಾಲೆ ತಿಳಿ ನೇರಳೆ. ಉರಿಯುವುದು ಹೊರಬಂದ ಹೈಡ್ರೋಜನ್, ಬಣ್ಣ ಕೊಡುವುದು ಪೊಟ್ಯಾಸಿಯಂ. ರುಬಿಡಿಯಂ, ಸೀಸಿಯಂ ನೀರಿಗೆ ಬಿದ್ದರೆ ಸ್ಫೋಟವೇ. ಲ್ಯಾಬಿನಲ್ಲಿ ಸೋಡಿಯಂ ಪ್ರಯೋಗವನ್ನೂ ಮೇಷ್ಟ್ರೇ ಮಾಡಿ ತೋರಿಸಬೇಕು, ಅದೂ ಸಾಸಿವೆಗಿಂತ ಸ್ವಲ್ಪ ದೊಡ್ಡ ಚೂರಿನಲ್ಲಿ.

ಹೀಗೇಕೆ? ಇವಕ್ಕೆಲ್ಲ ಹೊರಗಿನ ಕವಚದಲ್ಲಿ ಒಂದೇ ಒಂದು ಇಲೆಕ್ಟ್ರಾನ್. ಅದನ್ನು ಬಿಟ್ಟುಕೊಡುವುದೇ ಇವುಗಳ ರಸಾಯನ ಕ್ರಿಯೆ. ಲಿಥಿಯಂನಲ್ಲಿ ಕವಚಗಳು ಎರಡು, ಸೀಸಿಯಂನಲ್ಲಿ ಆರು. ಕೆಳಗೆ ಬಂದಂತೆ ಆ ಕೊನೆಯ ಇಲೆಕ್ಟ್ರಾನ್ ನ್ಯೂಕ್ಲಿಯಸ್‌ನಿಂದ ದೂರವಾಗುತ್ತದೆ. ನಡುವೆ ಇರುವ ಇಲೆಕ್ಟ್ರಾನ್‌ಗಳು ಸೆಳೆತವನ್ನು ಮರೆಮಾಡುತ್ತವೆ. ಹಿಡಿತ ಸಡಿಲ. ಲೆಕ್ಕದಲ್ಲೂ ಇದು ಕಾಣುತ್ತದೆ: ಒಂದು ಮೋಲ್ (ಪರಮಾಣುಗಳನ್ನು ಎಣಿಸಲು ಬಳಸುವ ನಿಗದಿತ ಮೊತ್ತ) ಲಿಥಿಯಂ ಪರಮಾಣುಗಳಿಂದ ಒಂದೊಂದು ಇಲೆಕ್ಟ್ರಾನ್ ಕೀಳಲು ಸುಮಾರು 520 ಕಿಲೋಜೂಲ್ ಬೇಕು, ಸೋಡಿಯಂಗೆ 496, ಪೊಟ್ಯಾಸಿಯಂಗೆ 419, ಸೀಸಿಯಂಗೆ 376 ಸಾಕು.

ಈಗ ಹ್ಯಾಲೋಜನ್‌ಗಳಿಗೆ, ಅಂದರೆ 17ನೇ ಗುಂಪಿನಲ್ಲಿ ಮೇಲಿನಿಂದ ಕೆಳಗೆ ಬರುವ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೊಡಿನ್‌ಗಳಿಗೆ ಬನ್ನಿ. ಇವಕ್ಕೆ ಕೊಡುವುದು ಬೇಕಿಲ್ಲ, ಒಂದು ಇಲೆಕ್ಟ್ರಾನ್ ಪಡೆಯಬೇಕು. ಪರಮಾಣು ಚಿಕ್ಕದಿದ್ದಷ್ಟೂ ಹೊರಗಿನಿಂದ ಬರುವ ಇಲೆಕ್ಟ್ರಾನ್ ನ್ಯೂಕ್ಲಿಯಸ್‌ಗೆ ಹತ್ತಿರ ಬರಬಹುದು, ಸೆಳೆತ ಜೋರು. ಹಾಗಾಗಿ ಮೇಲಿರುವ ಫ್ಲೋರಿನ್ ಎಲ್ಲಕ್ಕಿಂತ ಉಗ್ರ. ದೂರ ಹೆಚ್ಚಿದರೆ ಕೊಡುವುದು ಸುಲಭ, ಪಡೆಯುವುದು ಕಷ್ಟ. ಎರಡು ಗುಂಪುಗಳು ಎದುರುಬದುರಾಗಿ ನಡೆಯುವುದು ಇಷ್ಟಕ್ಕೇ.

ಇದನ್ನು ಕಣ್ಣಾರೆ ನೋಡಲು ಪೊಟ್ಯಾಸಿಯಂ ಅಯೊಡೈಡ್ ದ್ರಾವಣ ಒಳ್ಳೆಯದು. ಅದು ನೀರಿನಂತೆ ತಿಳಿಯಾಗಿರುತ್ತದೆ. ಅದಕ್ಕೆ ಕ್ಲೋರಿನ್ ನೀರು ಹನಿಸಿದರೆ ಕಂದು ಬಣ್ಣ ಏಳುತ್ತದೆ. ಕ್ಲೋರಿನ್ ಇಲೆಕ್ಟ್ರಾನನ್ನು ಕಿತ್ತುಕೊಂಡು ಅಯೊಡಿನ್ನನ್ನು ಹೊರಹಾಕಿದೆ. ಒಂದು ತೊಟ್ಟು ತೆಳು ಗಂಜಿ ಬಿಟ್ಟರೆ ಕಡುನೀಲಿ. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣಕ್ಕೆ ಅಯೊಡಿನ್ ಹಾಕಿ ನೋಡಿ, ಏನೂ ಆಗುವುದಿಲ್ಲ.

ಫ್ಲೋರಿನ್‌ನ ಉಗ್ರತೆ ಎಂಥದ್ದೆಂದರೆ ಅದನ್ನು ಬೇರ್ಪಡಿಸಲು ಹೋಗಿ ಹಲವರು ವಿಷವೇರಿ ನರಳಿದರು, ಕೆಲವರು ಸತ್ತರು. ಕೊನೆಗೆ 1886ರಲ್ಲಿ ಫ್ರಾನ್ಸಿನ ಆನ್ರಿ ಮುವಾಸ್ಸಾನ್ ಸಾಧಿಸಿದರು. 1906ರಲ್ಲಿ ಅವರಿಗೆ ನೊಬೆಲ್ ಬಂತು. ಇಲ್ಲೊಂದು ವಿಚಿತ್ರವಿದೆ. ಇಲೆಕ್ಟ್ರಾನ್ ಪಡೆದಾಗ ಹೊರಬರುವ ಶಕ್ತಿ ಫ್ಲೋರಿನ್‌ಗಿಂತ (ಮೋಲ್‌ಗೆ 328 ಕಿಲೋಜೂಲ್) ಕ್ಲೋರಿನ್‌ಗೇ (349) ಜಾಸ್ತಿ! ಫ್ಲೋರಿನ್ ಪರಮಾಣು ತೀರಾ ಚಿಕ್ಕದು, ಅದರಲ್ಲಿ ಮೊದಲೇ ಇರುವ ಇಲೆಕ್ಟ್ರಾನ್‌ಗಳು ಹೊಸಬನನ್ನು ದೂಡುತ್ತವೆ. ಆದರೂ ಫ್ಲೋರಿನ್ ಗೆಲ್ಲುವುದು ಹೇಗೆ? ಅದರ ಎರಡು ಪರಮಾಣುಗಳ ನಡುವಿನ ಬಂಧ ದುರ್ಬಲ, ಬೇಗ ಮುರಿಯುತ್ತದೆ. ಬೇರೆ ಧಾತುಗಳ ಜೊತೆ ಅದು ಕಟ್ಟಿಕೊಳ್ಳುವ ಬಂಧ ಮಾತ್ರ ಬಹಳ ಗಟ್ಟಿ.

ಇನ್ನು ‘ಸುಲಭ’, ‘ಬೇಗ’ ಎಂಬ ಆ ಎರಡು ಮಾತಿಗೆ ಬರೋಣ. ಸೀಸಿಯಂ ಸ್ಫೋಟಿಸುತ್ತದೆ, ಹಾಗಾದರೆ ಅದರಿಂದಲೇ ಹೆಚ್ಚು ಶಾಖ ಬರುತ್ತದೆ ಅಲ್ವಾ? ಇಲ್ಲ. ನೀರಿನ ಜೊತೆ ಒಂದು ಮೋಲ್ ಲಿಥಿಯಂ ವರ್ತಿಸಿದಾಗ ಬಿಡುಗಡೆಯಾಗುವುದು ಸುಮಾರು 222 ಕಿಲೋಜೂಲ್, ಸೀಸಿಯಂನಿಂದ 203, ಸೋಡಿಯಂನಿಂದ 184. ಸದ್ದಿಲ್ಲದೆ ಗುಳ್ಳೆ ಬಿಡುವ ಲಿಥಿಯಂನದೇ ಮೇಲುಗೈ. ಅದರ ಪುಟ್ಟ ಅಯಾನನ್ನು (ಇಲೆಕ್ಟ್ರಾನ್ ಕಳೆದುಕೊಂಡ ಪರಮಾಣುವನ್ನು) ನೀರಿನ ಅಣುಗಳು ಬಿಗಿಯಾಗಿ ಸುತ್ತಿಕೊಳ್ಳುತ್ತವೆ, ಶಾಖದ ದೊಡ್ಡ ಪಾಲು ಅಲ್ಲಿಂದ. ಆದರೆ ಆರಂಭದಲ್ಲಿ ಅದಕ್ಕೆ ಶಕ್ತಿ ಜಾಸ್ತಿ ಬೇಕು. ಮೇಲಾಗಿ ಲಿಥಿಯಂ ಕರಗುವುದು 180 ಡಿಗ್ರಿಯಲ್ಲಿ. ಸೋಡಿಯಂ 98ಕ್ಕೆ, ಪೊಟ್ಯಾಸಿಯಂ 63ಕ್ಕೆ ಕರಗಿ ಹೊಸ ಮೈ ತೆರೆದುಕೊಂಡರೆ, ಲಿಥಿಯಂ ಗಟ್ಟಿಯಾಗಿಯೇ ಉಳಿಯುತ್ತದೆ. ಕ್ರಿಯಾಶೀಲತೆಯನ್ನು ಶಾಖದ ಮೊತ್ತ ಎಂದು ತಿಳಿಯುವುದೇ ಈ ಪಾಠದಲ್ಲಿ ಆಗುವ ದೊಡ್ಡ ತಪ್ಪು ಅಂತ ನನಗನ್ನಿಸುತ್ತದೆ. ಸೀಸಿಯಂ ಕರಗಲು 28.5 ಡಿಗ್ರಿ ಸಾಕು, ಕಲಬುರಗಿಯ ಬೇಸಿಗೆಯಲ್ಲಿ ಗಾಜಿನ ಕೊಳವೆಯೊಳಗೇ ದ್ರವವಾಗಿರುತ್ತದೆ.

ಲಿಥಿಯಂಗೆ ಇನ್ನೊಂದು ಗುಣವಿದೆ. ಗಾಳಿಯ ನೈಟ್ರೋಜನ್ ಜೊತೆ ಮಾಮೂಲಿ ಉಷ್ಣತೆಯಲ್ಲೇ ಅದು ಸೇರಿಕೊಳ್ಳುತ್ತದೆ. ಗುಂಪಿನ ಉಳಿದವು ಹಾಗೆ ಮಾಡುವುದಿಲ್ಲ. ಯಾವುದರ ಜೊತೆ ಎಂದು ಕೇಳದೆ ಕ್ರಿಯಾಶೀಲತೆಯ ಮಾತಾಡಿದರೆ ಅದು ಅರ್ಧ ಮಾತು.

ಎರಡನೇ ಗುಂಪು ಒಂದನೆಯದರ ದಾರಿಯಲ್ಲೇ ನಡೆಯುತ್ತದೆ. ತಣ್ಣೀರಿನಲ್ಲಿ ಮೆಗ್ನೀಸಿಯಂ ಬಹುತೇಕ ತೆಪ್ಪಗಿರುತ್ತದೆ, ಕ್ಯಾಲ್ಸಿಯಂ ಗುಳ್ಳೆ ಎಬ್ಬಿಸುತ್ತದೆ. ಆದರೆ ಕೋಷ್ಟಕದ ನಡುವಿನ ಗುಂಪುಗಳಲ್ಲಿ ಈ ನಿಯಮ ನಂಬಬೇಡಿ. 11ನೇ ಗುಂಪು ನೋಡಿ: ತಾಮ್ರ, ಅದರ ಕೆಳಗೆ ಬೆಳ್ಳಿ, ಅದರ ಕೆಳಗೆ ಚಿನ್ನ. ತಾಮ್ರದ ಚೊಂಬು ಕಿಲುಬುಗಟ್ಟುತ್ತದೆ, ಬೆಳ್ಳಿ ಗೆಜ್ಜೆ ಗಂಧಕದ ಅನಿಲಕ್ಕೆ ಕಪ್ಪಾಗುತ್ತದೆ, ಅಪ್ಪಟ ಚಿನ್ನಕ್ಕೆ ಏನೂ ಆಗುವುದಿಲ್ಲ. ಚಿನ್ನದ ನ್ಯೂಕ್ಲಿಯಸ್‌ನಲ್ಲಿ 79 ಪ್ರೋಟಾನ್‌ಗಳಿವೆ, ಒಳಗಿನ ಇಲೆಕ್ಟ್ರಾನ್‌ಗಳಲ್ಲಿ ಹಲವು ಆ ಸೆಳೆತವನ್ನು ಸರಿಯಾಗಿ ಮರೆಮಾಡುವುದಿಲ್ಲ. ಹೀಗಾಗಿ ಆರನೇ ಕವಚದಲ್ಲಿದ್ದರೂ ಅದರ ಕೊನೆಯ ಇಲೆಕ್ಟ್ರಾನ್ ಬಿಗಿಯಾಗಿ ಸಿಕ್ಕಿಕೊಂಡಿದೆ. ಅದನ್ನು ಕೀಳಲು ಮೋಲ್‌ಗೆ 890 ಕಿಲೋಜೂಲ್ ಬೇಕು. ಅದೇ ಆರನೇ ಸಾಲಿನ ಸೀಸಿಯಂಗೆ ಬೇಕಾದದ್ದರ ಎರಡು ಪಟ್ಟಿಗೂ ಜಾಸ್ತಿ.