ವಾಡಿಕೆ ಮಳೆ ಆಗಿದೆ ಅಂತಾರೆ, ಹಾಗಿದ್ರೆ ಹೆಸರು ಯಾಕೆ ಒಣಗಿತು?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕು. ವರ್ಷದ ಕೊನೆಗೆ ನೋಡಿದರೆ ಮಳೆ ವಾಡಿಕೆಯಷ್ಟೇ ಆಗಿರುತ್ತದೆ. ಆದರೂ ಹೆಸರು, ಉದ್ದು ಕೈಗೆ ಬರುವುದಿಲ್ಲ. ಲೆಕ್ಕ ತಪ್ಪೋ, ನಮ್ಮ ಕಣ್ಣು ತಪ್ಪೋ?

ಉತ್ತರ: ಎರಡೂ ಸರಿಯೇ ಇವೆ. ಲೆಕ್ಕ ಹಾಕುವುದು ವರ್ಷಕ್ಕೆ, ಹೆಸರು ಬದುಕುವುದು ಎರಡೂವರೆ ತಿಂಗಳು. ತೊಡಕು ಇರುವುದು ಅಲ್ಲಿ.

ಕಲಬುರಗಿ ಜಿಲ್ಲೆಯ ವಾರ್ಷಿಕ ಸರಾಸರಿ ಅಂದಾಜು 750ರಿಂದ 800 ಮಿ.ಮೀ. ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಕರಾವಳಿಯವರಿಗೆ ಜುಲೈ ಅಂದರೆ ಮಳೆ; ನಮ್ಮಲ್ಲಿ ಸೆಪ್ಟೆಂಬರ್ ಕೂಡ ಅಷ್ಟೇ ದೊಡ್ಡ ತಿಂಗಳು.

ಈಗ ನಿಮ್ಮ ಹೊಲ ನೋಡಿ. ಮಿರಗದ (ಜೂನ್‌ನ ಮೃಗಶಿರಾ ಮಳೆಯ) ಹಸಿಗೆ ಬಿತ್ತಿದ ಹೆಸರು 65–75 ದಿನದ ಬೆಳೆ. ಜುಲೈನಲ್ಲಿ ಮೂರು ವಾರ ಮೋಡ ಬಂದು ಬಂದು ಸರಿದುಹೋದರೆ ಹೂವು ಉದುರುತ್ತದೆ. ಆಗಸ್ಟ್ ಕೊನೆಗೆ, ಉಳಿದಷ್ಟಾದರೂ ಬಿಡಿಸೋಣ ಅನ್ನುವಾಗ ಜಡಿ ಹಿಡಿದು ಕಾಯಿಯಲ್ಲೇ ಮೊಳಕೆ ಒಡೆಯುತ್ತದೆ. ಜುಲೈನ ಕೊರತೆಯನ್ನು ಆ ಜಡಿ ತುಂಬಿಕೊಟ್ಟಿತಲ್ಲ, ಕಾಗದದ ಮೇಲೆ ಎಲ್ಲ ಸರಿಹೋಯಿತು! ಅದೇ ಹೊಲದ ತೊಗರಿ ಐದಾರು ತಿಂಗಳ ಬೆಳೆ, ಬೇರೂ ಆಳ. ಆ ಮಳೆಗೆ ಚೇತರಿಸಿಕೊಳ್ಳುತ್ತದೆ, ನೀರು ನಿಲ್ಲದಿದ್ದರೆ. ಹಿಂಗಾರಿಯ ಬಿಳಿಜೋಳ, ಕಡಲೆಗಂತೂ ಯರಿ (ಕಪ್ಪು) ನೆಲ ಹಿಡಿದಿಟ್ಟ ಆ ಹಸಿಯೇ ಬಂಡವಾಳ. ಹೀಗಾಗಿ ಒಂದೇ ವರ್ಷ ಒಂದೇ ಊರಲ್ಲಿ ಒಬ್ಬರಿಗೆ ಬರ, ಇನ್ನೊಬ್ಬರಿಗೆ ಭರ್ತಿ ರಾಶಿ.

‘ವಾಡಿಕೆ’ ಅನ್ನುವುದು ಹಲವು ದಶಕಗಳ ಸರಾಸರಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಇಂಥ ವರ್ಷಗಳನ್ನೆಲ್ಲ ಕೂಡಿಸಿ ಭಾಗಿಸಿದಾಗ ಬರುವ ಅಂಕಿ ಅದು. ಅದನ್ನು ನೋಡಿ ಯಾರೂ ಬಿತ್ತನೆ ಮಾಡುವುದಿಲ್ಲ.

ಬರ ಘೋಷಣೆಯೂ ವರ್ಷದ ಮೊತ್ತಕ್ಕೆ ಕಾಯುವುದಿಲ್ಲ. ಕೇಂದ್ರದ 2016ರ ಬರ ಕೈಪಿಡಿಯ ಪ್ರಕಾರ, ಸತತ ಮೂರು–ನಾಲ್ಕು ವಾರ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಬಿದ್ದರೆ ಅದೂ ಒಂದು ಸೂಚನೆ. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹ ಚಿತ್ರ, ಮಣ್ಣಿನ ತೇವ ನೋಡಿ, ಕೊನೆಗೆ ಹೊಲಕ್ಕೇ ಬಂದು ಪರಿಶೀಲಿಸುತ್ತಾರೆ.

ಮಳೆ ಮಾಪಕದ ಜಾಗವನ್ನೂ ಗಮನಿಸಬೇಕು. ಜಿಲ್ಲೆಯಲ್ಲೇ ಪಶ್ಚಿಮದ ಅಫಜಲಪುರಕ್ಕಿಂತ ಪೂರ್ವದ ಚಿಂಚೋಳಿ, ಸೇಡಂ ಕಡೆ ಮಳೆ ಹೆಚ್ಚು. ಒಟ್ಟು ಜಿಲ್ಲೆಯ ಸರಾಸರಿ ಇಬ್ಬರಿಗೂ ಹೊಂದುವುದಿಲ್ಲ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ವಾಡಿಕೆ ತೆಗೆಯಲು ಬೇಕಾದ 30 ವರ್ಷ ಅವುಗಳಿಗೆ ಇನ್ನೂ ತುಂಬಿಲ್ಲ, ಹಾಗಾಗಿ ಹಳೆಯ ಇತಿಹಾಸಕ್ಕೆ ತಾಲ್ಲೂಕು ಕೇಂದ್ರಗಳ ದಾಖಲೆಯೇ ಗತಿ.

ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ವರ್ಷದ ಮೊತ್ತ ಕೇಳಬೇಡಿ. ನಿಮ್ಮ ಹೋಬಳಿಯ ವಾರವಾರದ ಮಳೆ ಕೇಳಿ, ಮಳೆ ದಿನ ಎಷ್ಟು ಅಂತಲೂ ಕೇಳಿ, 2.5 ಮಿ.ಮೀ. ಬೀಳದ ದಿನ ಅದರಲ್ಲಿ ಸೇರುವುದಿಲ್ಲ. ಫಸಲ್ ಬಿಮಾದಲ್ಲಿ (ಬೆಳೆ ವಿಮೆ) ಇಳುವರಿಯ ಪರಿಹಾರಕ್ಕೆ ಮಾತ್ರ ಈ ಅಂಕಿಗಳು ಲೆಕ್ಕಕ್ಕಿಲ್ಲ. ಅಲ್ಲಿ ನಡೆಯುವುದು ಬೆಳೆ ಕಟಾವು ಪ್ರಯೋಗದಲ್ಲಿ, ಅಂದರೆ ಆಯ್ದ ಹೊಲದ ಒಂದು ತುಂಡು ಕೊಯ್ದು ತೂಗಿದಾಗ, ಬಂದ ತೂಕ. ನಿಮ್ಮೂರಲ್ಲಿ ಅದು ಯಾವತ್ತು, ಯಾವ ಸರ್ವೆ ನಂಬರಿನಲ್ಲಿ ಅಂತ ಮೊದಲೇ ತಿಳಿದುಕೊಂಡು ಆ ದಿನ ಅಲ್ಲಿರಿ.